ಹೂವು ಮೊದಲು, ಸೌತೆ ಆಮೇಲೆ: ವಸಂತದ ಕೈತೋಟಕ್ಕೊಂದು ಕೈಪಿಡಿ

ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಒಂದೂ ನಿಲ್ಲುವುದಿಲ್ಲ. ಬೆರಳುದ್ದದ ಹೀಚು ಕಾಣಿಸುತ್ತದೆ, ಎರಡೇ ದಿನದಲ್ಲಿ ಹಳದಿಗೆ ತಿರುಗಿ, ತುದಿಯಿಂದ ಸುಕ್ಕಿ ಉದುರಿಬಿಡುತ್ತದೆ. ವಸಂತದಲ್ಲಿ ಸೌತೆ, ಕುಂಬಳ ಹಾಕಿದವರಿಗೆಲ್ಲ ಗೊತ್ತಿರುವ ಸಂಕಟ ಇದು. ಆಗ ಕೈ ಮೊದಲು ಹೋಗುವುದು ಗೊಬ್ಬರದ ಚೀಲಕ್ಕೆ. ಆದರೆ ಹೆಚ್ಚಿನ ಸಲ ಅಲ್ಲಿ ಕಡಿಮೆಯಾಗಿರುವುದು ಗೊಬ್ಬರವಲ್ಲ, ಜೇನ್ನೊಣ. ಬಳ್ಳಿ ಹೂ ಬಿಟ್ಟ ದಿನವೇ ಜೇನು ಎಲ್ಲಿಂದಲೋ ಬಂದು ಇಳಿಯುವುದಿಲ್ಲ. ಆ ಹೊತ್ತಿಗಾಗಲೇ ನಿಮ್ಮ ತೋಟ ಅದರ ದಿನನಿತ್ಯದ ದಾರಿಯಲ್ಲಿ ಸೇರಿರಬೇಕು. ಹೀಗಾಗಿ ವಸಂತದ ಕೈತೋಟದ ಕೆಲಸ ಶುರುವಾಗಬೇಕಾದದ್ದು ತರಕಾರಿ ಬೀಜದಿಂದಲ್ಲ, ಹೂವಿನ ಬೀಜದಿಂದ.

ಲೆಕ್ಕ ಹಿಂದಿನಿಂದ ಹಾಕಿ

ಬೆಚ್ಚಗಿನ ಮಣ್ಣಿಗೆ ಬಿದ್ದ ಸೌತೆ ಬೀಜ 35ರಿಂದ 45 ದಿನಕ್ಕೆ ಹೂ ಬಿಡುತ್ತದೆ. ಸಿಹಿಗುಂಬಳ ಒಂದು ವಾರ ತಡ. ಜಿನಿಯಾಕ್ಕೆ 55ರಿಂದ 65 ದಿನ ಬೇಕು, ಕಾಸ್ಮೋಸ್ ಮತ್ತು ಚೆಂಡು ಹೂವಿಗೂ ಹೆಚ್ಚುಕಡಿಮೆ ಅಷ್ಟೇ, ಸೂರ್ಯಕಾಂತಿಗೆ 60ರಿಂದ 80. ಎರಡನ್ನೂ ಒಂದೇ ದಿನ ಬಿತ್ತಿದರೆ ಸೌತೆ ಮೊದಲ ಹೆಣ್ಣು ಹೂವು ಬಿಡುವಾಗ ಜಿನಿಯಾ ಇನ್ನೂ ಮೊಗ್ಗಿನಲ್ಲೂ ಇರುವುದಿಲ್ಲ. ಹಾಗಾಗಿ ಸೌತೆ ಬಿತ್ತಬೇಕೆಂದಿರುವ ದಿನದಿಂದ ಮೂರು ನಾಲ್ಕು ವಾರ ಹಿಂದೆ ಬಂದು ಆ ದಿನ ಹೂವಿನ ಬೀಜ ಹಾಕಿ. ಹೊರಗೆ ಇನ್ನೂ ಚಳಿಯಿದ್ದರೆ ಟ್ರೇಯಲ್ಲಿ, ಕಿಟಕಿಯ ಬೆಳಕಿನಲ್ಲಿ ಸಸಿ ಮಾಡಿಕೊಳ್ಳಬಹುದು.

ತಡವಾಗಿಬಿಟ್ಟಿದೆಯೇ? ಹಾಗಿದ್ದರೆ ಚಳಿಗಾಲದ ಪಾತಿಯಲ್ಲಿ ಉಳಿದಿರುವ ಮೂಲಂಗಿ, ಸಾಸಿವೆ, ಕೊತ್ತಂಬರಿ, ಸಬ್ಬಸಿಗೆ ಗಿಡಗಳನ್ನು ಕೀಳಬೇಡಿ. ಬಿಸಿಲೇರಿದಂತೆ ಅವು ದಂಟು ಎತ್ತುತ್ತವೆ, ಎಲೆ ಕಹಿಯಾಗುತ್ತದೆ, ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ತೋಟ ಚೊಕ್ಕಟ ಮಾಡುವ ಉತ್ಸಾಹದಲ್ಲಿ ಹೆಚ್ಚಿನವರು ಇವನ್ನೇ ಮೊದಲು ಕಿತ್ತೆಸೆಯುತ್ತಾರೆ. ವಸಂತದಲ್ಲಿ ಆಗುವ ದೊಡ್ಡ ತಪ್ಪು ಇದೇ. ಪ್ರತಿ ಜಾತಿಯದೂ ನಾಲ್ಕೈದು ಗಿಡ ಹೂವಿಗೆ ಬಿಡಿ. ಮೂಲಂಗಿಯ ತಿಳಿ ನೇರಳೆ ಹೂವಿಗೂ ಸಾಸಿವೆಯ ಹಳದಿಗೂ ಬೆಳಗಿನಿಂದಲೇ ಜೇನು ಮುತ್ತುತ್ತದೆ. ಕೊತ್ತಂಬರಿ, ಸಬ್ಬಸಿಗೆಯ ಕೊಡೆಯಂಥ ಹೂಗೊಂಚಲಿನಲ್ಲಿ ಮಕರಂದ ಆಳದಲ್ಲಿ ಅಡಗಿರುವುದಿಲ್ಲ, ಮೇಲೆಯೇ ತೆರೆದಿರುತ್ತದೆ. ಉದ್ದ ನಾಲಗೆ ಇಲ್ಲದ ಸಣ್ಣ ಕಣಜ, ನೊಣಗಳಿಗೆ ಅದು ಬೇಕು. ಅವು ಯಾಕೆ ಬೇಕು ಎನ್ನುವುದು ಗಿಡಹೇನಿನ ಮಾತು ಬಂದಾಗ ತಿಳಿಯುತ್ತದೆ.

ಹೂವಿನ ತಳಿ ಆರಿಸುವಾಗ ಒಂದೇ ಸುತ್ತು ಎಸಳಿರುವ, ನಡುವಿನ ಹಳದಿ ಬೊಟ್ಟು ಚೆನ್ನಾಗಿ ಕಾಣುವ ಬಗೆಯನ್ನೇ ತೆಗೆದುಕೊಳ್ಳಿ. ಎಸಳಿನ ಮೇಲೆ ಎಸಳು ತುಂಬಿದ ಚೆಂಡಿನಂಥ ಹೂವು ಕಣ್ಣಿಗೆ ಚೆಂದ, ಜೇನಿಗೆ ಪರಾಗವೂ ಸಿಗದು, ಮಕರಂದವೂ ಸಿಗದು. ಅಲ್ಲೊಂದು ಇಲ್ಲೊಂದು ಗಿಡ ಚದುರಿಸುವ ಬದಲು ಒಂದೇ ಜಾತಿಯ ಎಂಟು ಹತ್ತು ಗಿಡಗಳನ್ನು ಒಟ್ಟಿಗೆ ಗುಂಪಾಗಿ ಬೆಳೆಸಿ. ಜೇನು ಒಂದು ಸುತ್ತಿನಲ್ಲಿ ಒಂದೇ ಜಾತಿಯ ಹೂವನ್ನು ಹುಡುಕಿಕೊಂಡು ಹೋಗುವ ಪ್ರಾಣಿ. ಗುಂಪು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಜಾಗ ತರಕಾರಿ ಪಾತಿಯ ಪಕ್ಕದಲ್ಲೇ ಇರಲಿ, ಆದರೆ ಸೂರ್ಯಕಾಂತಿಯಂಥ ಎತ್ತರದ ಗಿಡದ ನೆರಳು ತರಕಾರಿಯ ಮೇಲೆ ಬೀಳದ ಕಡೆ ನೋಡಿಕೊಳ್ಳಿ.

ಮಣ್ಣಿನ ಹದ

ಹೊರಗೆ ಬಿಸಿಲು ಬಂತೆಂದು ಗುದ್ದಲಿ ಹಿಡಿಯುವ ಮೊದಲು ಹತ್ತು ಸೆಂಟಿಮೀಟರ್ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಬಿಗಿಯಾಗಿ ಅಮುಕಿ. ಉಂಡೆಯಾಗಿ, ಹೆಬ್ಬೆರಳಿನಿಂದ ತಟ್ಟಿದಾಗ ಪುಡಿಪುಡಿಯಾಗಿ ಬಿಟ್ಟುಕೊಂಡರೆ ಹದ ಬಂದಿದೆ. ಅಂಟಿಕೊಂಡು ಬೆರಳಿನ ಅಚ್ಚು ಮೂಡಿದರೆ ಇನ್ನೂ ಕೆಲವು ದಿನ ಕಾಯಬೇಕು. ಹಸಿ ಮಣ್ಣನ್ನು ಅಗೆದರೆ, ಅದರಲ್ಲೂ ಜೇಡಿ ಮಣ್ಣಾದರೆ, ಅದರೊಳಗಿನ ಗಾಳಿಯ ಸಂದುಗಳೆಲ್ಲ ಮುಚ್ಚಿ, ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆಗಳಾಗುತ್ತವೆ. ಆ ಹಾಳು ಇಡೀ ಬೆಳೆಗಾಲ ಸರಿಹೋಗುವುದಿಲ್ಲ. ಉಂಡೆಯೇ ಕಟ್ಟದೆ ಬೆರಳ ಸಂದಿಯಲ್ಲಿ ಸುರಿದುಹೋದರೆ ಹಿಂದಿನ ಸಂಜೆ ನೀರು ಕೊಟ್ಟು ಬೆಳಗ್ಗೆ ಅಗೆಯಿರಿ.

ಪಾತಿಯ ಅಗಲ 1.2 ಮೀಟರ್ ದಾಟಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿಗೆ ಎಟುಕಬೇಕು, ಪಾತಿಯೊಳಗೆ ಕಾಲಿಡುವ ಸಂದರ್ಭವೇ ಬರಬಾರದು. ಚೆನ್ನಾಗಿ ಕಳಿತ ಗೊಬ್ಬರವನ್ನು ಎರಡೂವರೆ ಸೆಂಟಿಮೀಟರ್ ದಪ್ಪ ಹರಡಿ, ಮೇಲಿನ 10-15 ಸೆಂಟಿಮೀಟರ್ ಮಣ್ಣಿಗೆ ಮಾತ್ರ ಬೆರೆಸಿ. ಅಷ್ಟು ದಪ್ಪಕ್ಕೆ ಒಂದು ಚದರ ಮೀಟರಿಗೆ 25 ಲೀಟರ್ ಗೊಬ್ಬರ ಹಿಡಿಯುತ್ತದೆ. ಎಂದರೆ ಒಂದು ಮೀಟರ್ ಅಗಲ ಎರಡು ಮೀಟರ್ ಉದ್ದದ ಪಾತಿಗೆ 15 ಲೀಟರಿನ ಬಕೆಟ್ಟಿನಲ್ಲಿ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಕಳಿತಿದೆಯೋ ಇಲ್ಲವೋ ಎಂದು ಮೂಗಿಗೇ ಗೊತ್ತಾಗುತ್ತದೆ: ಮೊದಲ ಮಳೆ ಬಿದ್ದ ನೆಲದ ವಾಸನೆ ಇರಬೇಕು. ಸಗಣಿಯ ವಾಸನೆಯೋ ಅಮೋನಿಯದ ಘಾಟೋ ಇದ್ದರೆ, ಅಥವಾ ಕೈಯಿಟ್ಟರೆ ಬಿಸಿಯಿದ್ದರೆ, ಅದು ಬೇರನ್ನು ಸುಡುತ್ತದೆ. ಅಂಥದ್ದನ್ನು ಪಕ್ಕಕ್ಕೆ ರಾಶಿ ಹಾಕಿ ಇನ್ನಷ್ಟು ತಿಂಗಳು ಬಿಡಿ.

ಗೊಬ್ಬರ ಎಷ್ಟು ಹಾಕಿದರೂ ಒಳ್ಳೆಯದೇ ಎನ್ನುವ ಭಾವನೆ ಬೇಡ. ಸಾರಜನಕ ಹೆಚ್ಚಾದರೆ ಗಿಡ ಕಡು ಹಸಿರಾಗಿ, ಎಲೆ ದೊಡ್ಡದಾಗಿ ಬೆಳೆಯುತ್ತದೆ, ಹೂ ತಡವಾಗುತ್ತದೆ. ಆ ಮೆತ್ತನೆಯ ಕುಡಿಯೇ ಗಿಡಹೇನಿಗೆ ಅಚ್ಚುಮೆಚ್ಚು.

ಬೀಜ ಮಣ್ಣಿಗೆ ಬೀಳುವ ದಿನ

ಬೀಜಕ್ಕೆ ಮುಖ್ಯವಾದದ್ದು ಮಧ್ಯಾಹ್ನದ ಬಿಸಿಲಲ್ಲ, ಮಣ್ಣಿನ ಬೆಳಗಿನ ಬಿಸಿ. ಥರ್ಮಾಮೀಟರನ್ನು ಐದು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಬೆಳಗ್ಗೆ, ಸತತ ಮೂರ್ನಾಲ್ಕು ದಿನ ನೋಡಿ. ಬೀನ್ಸ್‌ಗೆ 16 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು. ಸೌತೆ, ಕುಂಬಳ, ಸೋರೆ, ಬೆಂಡೆಗೆ 20 ಡಿಗ್ರಿಯಾದರೂ ಬೇಕು, 25ರಿಂದ 30 ಇದ್ದರೆ ವಾರದೊಳಗೆ ಮೊಳಕೆ ಕಾಣುತ್ತದೆ. ತಣ್ಣಗಿನ ಒದ್ದೆ ಮಣ್ಣಿಗೆ ಹಾಕಿದ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ‘ಬೀಜ ಸರಿಯಿಲ್ಲ’ ಎಂದು ದೂರುವವರಲ್ಲಿ ಅನೇಕರು ಒಂದು ಹತ್ತು ದಿನ ಅವಸರ ಮಾಡಿರುತ್ತಾರೆ. ಹಿಮ ಬೀಳುವ ಜಾಗವಾದರೆ ಕೊನೆಯ ಹಿಮ ಕಳೆಯುವವರೆಗೆ ಈ ಬಳ್ಳಿಗಳು ಹೊರಗೆ ಬರಲೇಕೂಡದು.

ಆಳದ ಲೆಕ್ಕ ಸುಲಭ: ಬೀಜದ ದಪ್ಪದ ಎರಡು ಮೂರರಷ್ಟು. ಜಿನಿಯಾ, ಚೆಂಡು ಹೂವಿಗೆ ಅರ್ಧ ಸೆಂಟಿಮೀಟರ್, ಸೌತೆ ಬೆಂಡೆಗೆ ಒಂದೂವರೆಯಿಂದ ಎರಡು, ಬೀನ್ಸ್ ಮತ್ತು ಕುಂಬಳಕ್ಕೆ ಎರಡೂವರೆ. ಕಾಮಕಸ್ತೂರಿಯಂಥ ಸಾಸಿವೆಗಿಂತ ಸಣ್ಣ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಆಯಿತು. ಬೆಂಡೆಯ ಸಿಪ್ಪೆ ಗಟ್ಟಿ, ರಾತ್ರಿ ನೀರಲ್ಲಿ ನೆನೆಹಾಕಿ ಬೆಳಗ್ಗೆ ಬಿತ್ತಿ. ಬೀನ್ಸ್ ಬೀಜವನ್ನು ಹಾಗೆ ನೆನೆಸಬೇಡಿ, ನೀರು ಕುಡಿದು ಸಿಪ್ಪೆ ಬಿರಿದು ಒಳಗಿನ ಬೇಳೆ ಒಡೆಯುತ್ತದೆ.

ಟ್ರೇಯಲ್ಲಿ ಬೆಳೆಸಿದ ಸಸಿ ಎರಡು ರೀತಿಯಲ್ಲಿ ಹಾಳಾಗುತ್ತದೆ. ಬೆಳಕು ಸಾಲದಿದ್ದರೆ ದಾರದಂತೆ ಉದ್ದ ಬೆಳೆದು ಬಾಗುತ್ತದೆ. ನೀರು ಹೆಚ್ಚಾಗಿ ಗಾಳಿಯಾಡದಿದ್ದರೆ ನೆಲಮಟ್ಟದಲ್ಲಿ ಕಾಂಡ ಕಂದಾಗಿ ತೆಳುವಾಗಿ, ನಿನ್ನೆ ನಿಂತಿದ್ದ ಸಸಿ ಇವತ್ತು ಮಲಗಿರುತ್ತದೆ. ಇದು ಮಣ್ಣಿನ ಶಿಲೀಂಧ್ರ ತರುವ ಸಸಿ ಕೊಳೆ ರೋಗ. ಬಿದ್ದ ಸಸಿಯನ್ನು ಉಳಿಸಲಾಗದು, ಉಳಿದವನ್ನು ಉಳಿಸಬಹುದು: ಒತ್ತಾಗಿದ್ದರೆ ಕೆಲವನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಸಂದು ಮಾಡಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ಕೆಳಗಿನ ತಟ್ಟೆಯಿಂದ ನೀರು ಉಣಿಸಿ. ನಾಟಿಗೆ ಮುಂಚೆ 7ರಿಂದ 10 ದಿನ ಸಸಿಗಳಿಗೆ ಹೊರಗಿನ ರೂಢಿ ಮಾಡಿಸಬೇಕು. ಮೊದಲ ದಿನ ಒಂದೆರಡು ಗಂಟೆ ನೆರಳಿನಲ್ಲಿ, ಆಮೇಲೆ ಬೆಳಗಿನ ಎಳೆ ಬಿಸಿಲು, ಕೊನೆಗೆ ಇಡೀ ದಿನ. ನೇರವಾಗಿ ಬಿಸಿಲಿಗಿಟ್ಟರೆ ಎಲೆಯ ಮೇಲೆ ಬೆಳ್ಳನೆಯ ಕಾಗದದಂಥ ಕಲೆ ಬೀಳುತ್ತದೆ, ಅದು ರೋಗವಲ್ಲ, ಬಿಸಿಲ ಸುಟ್ಟಗಾಯ.

ನಾಟಿ ಸಂಜೆ ಮಾಡಿ. ಟೊಮೆಟೊ ಸಸಿಯ ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣೊಳಗೆ ಹೋಗುವಂತೆ ನೆಡಿ. ಹೂತ ಕಾಂಡದ ಉದ್ದಕ್ಕೂ ಬೇರು ಬರುತ್ತದೆ. ಬದನೆ, ಮೆಣಸಿನ ಸಸಿಗೆ ಈ ಉಪಾಯ ಬೇಡ, ಟ್ರೇಯಲ್ಲಿ ಇದ್ದಷ್ಟೇ ಆಳ ಸಾಕು. ಟೊಮೆಟೊ ಗಿಡಗಳ ನಡುವೆ 60 ಸೆಂಟಿಮೀಟರ್ ಅಂತರ ಕೊಡಿ, ಊರುಗೋಲನ್ನು ನೆಡುವ ದಿನವೇ ಹುಗಿಯಿರಿ. ಆಮೇಲೆ ಹುಗಿದರೆ ಬೇರು ತುಂಡಾಗುತ್ತದೆ. ಕುಂಡದಲ್ಲಿ ಬೆಳೆಸುವವರು ಟೊಮೆಟೊ, ಸೌತೆಗೆ 15-20 ಲೀಟರ್ ಮಣ್ಣು ಹಿಡಿಯುವ ಕುಂಡ ಇಡಬೇಕು, ಚೆಂಡು ಹೂವಿಗೆ ನಾಲ್ಕೈದು ಲೀಟರ್ ಸಾಕು. ಸೋರೆಗೆ 40 ಲೀಟರಿಗಿಂತ ಕಡಿಮೆಯಾದರೆ ಬೇಸಿಗೆಯ ಮಧ್ಯಾಹ್ನ ಬಳ್ಳಿ ದಿನಾ ಬಾಡುತ್ತದೆ.

ಹೂವಿನ ಸಸಿ ಒಂದು ಗೇಣು ಬೆಳೆದಾಗ ನಡುಕುಡಿಯನ್ನು ಒಮ್ಮೆ ಚಿವುಟಿ. ಹೂ ಒಂದು ವಾರ ತಡವಾದರೂ ಬದಿಯ ಕವಲುಗಳು ಒಡೆದು ಹೂವಿನ ಸಂಖ್ಯೆ ಹೆಚ್ಚುತ್ತದೆ. ಒಂದೇ ಕಾಂಡದ ಸೂರ್ಯಕಾಂತಿಯನ್ನು ಮಾತ್ರ ಚಿವುಟಬಾರದು.

ಗಂಡು ಹೂ, ಹೆಣ್ಣು ಹೂ

ಬಳ್ಳಿ ತರಕಾರಿಗಳ ಹೂವನ್ನು ಒಮ್ಮೆ ಕೂತು ಹತ್ತಿರದಿಂದ ನೋಡಿ. ಗಂಡು ಹೂವಿನ ತೊಟ್ಟು ತೆಳ್ಳಗೆ, ನೇರ, ಎಸಳಿನ ಬುಡದಲ್ಲಿ ಏನೂ ಇರುವುದಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಆಗಲೇ ಒಂದು ಪುಟ್ಟ ಕಾಯಿ ಕೂತಿರುತ್ತದೆ: ಸೌತೆಯದಾದರೆ ಮುಳ್ಳುಮುಳ್ಳಿನ ಬೆರಳು, ಕುಂಬಳದ್ದಾದರೆ ಗೋಲಿ, ಸೋರೆಯದಾದರೆ ಮೆತ್ತನೆ ಬಿಳಿ ಕೂದಲಿನ ಪುಟ್ಟ ಸೋರೆಯೇ. ಕುಂಬಳದ ಹೆಣ್ಣು ಹೂವಿನೊಳಗೆ ಬಗ್ಗಿ ನೋಡಿದರೆ ದಪ್ಪನೆಯ, ಅಂಟಂಟಾದ ಹಾಲೆಗಳು ಮುಗುಚಿಕೊಂಡು ನಿಂತಿರುತ್ತವೆ. ಪರಾಗ ಬೀಳಬೇಕಾದದ್ದು ಅದರ ಮೇಲೆ, ಎಲ್ಲ ಹಾಲೆಗಳ ಮೇಲೂ. ಒಂದೇ ಬದಿಗೆ ಬಿದ್ದರೆ ಆ ಬದಿಯ ಬೀಜ ಮಾತ್ರ ಬಲಿತು ಕಾಯಿ ಸೊಟ್ಟಗಾಗುತ್ತದೆ. ಒಂದು ತುದಿ ಉಬ್ಬಿ ಇನ್ನೊಂದು ಸೊರಗಿದ ಸೌತೆಗೆ ಕಾರಣ ಹೆಚ್ಚಾಗಿ ಇದೇ. ನೀರಿನ ಕೊರತೆಯೂ ಒಮ್ಮೊಮ್ಮೆ ಹಾಗೆ ಮಾಡುತ್ತದೆ. ಒಂದು ಸೌತೆ ಹೂವಿಗೆ ಜೇನು ಒಂದು ಸಲ ಬಂದು ಹೋದರೆ ಸಾಲದು, ಹಲವು ಸಲ ಬರಬೇಕು.

ಬಳ್ಳಿ ಮೊದಲ ಒಂದೆರಡು ವಾರ ಬರೀ ಗಂಡು ಹೂ ಬಿಡುತ್ತದೆ. ಅವು ಉದುರಿದರೆ ಗಾಬರಿ ಬೇಡ, ಅವುಗಳ ಕೆಲಸವೇ ಅಷ್ಟು. ಮೂರು ವಾರವಾದರೂ ಹೆಣ್ಣು ಹೂ ಕಾಣದಿದ್ದರೆ ಸಾರಜನಕ ಹೆಚ್ಚಾಗಿದೆಯೇ, ಸೆಕೆ ವಿಪರೀತವೇ ನೋಡಿ. ಎರಡೂ ಗಂಡು ಹೂವನ್ನು ಹೆಚ್ಚಿಸುತ್ತವೆ. ಸೋರೆಯಲ್ಲಿ ಹೆಣ್ಣು ಹೂ ಹೆಚ್ಚಾಗಿ ಬರುವುದು ಬದಿಯ ಕವಲುಗಳಲ್ಲಿ, ಹೀಗಾಗಿ ನಡುಬಳ್ಳಿ ಏಳೆಂಟು ಎಲೆ ಬಿಟ್ಟಾಗ ಕುಡಿ ಚಿವುಟುವುದು ಒಳ್ಳೆಯದು.

ಜೇನು ಕಡಿಮೆ ಇರುವಾಗ ಆ ಕೆಲಸ ಕೈಯಿಂದ ಮಾಡಬಹುದು. ಹೊತ್ತು ತಪ್ಪಬಾರದು. ಕುಂಬಳದ ಹೂವು ಬೆಳಕು ಹರಿಯುವಾಗ ಅರಳಿ ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಮತ್ತೆ ಅರಳುವುದಿಲ್ಲ. ಹೆಣ್ಣು ಹೂವಿನ ಆಯುಸ್ಸು ಒಂದು ಬೆಳಗು. ಆರರಿಂದ ಒಂಬತ್ತರೊಳಗೆ ಮುಗಿಸಬೇಕು. ಸೌತೆಯೂ ಬೆಳಗಿನದೇ. ಸೋರೆಯ ಬಿಳಿ ಹೂವು ಅರಳುವುದು ಸಂಜೆ, ರಾತ್ರಿಯ ಪತಂಗಗಳಿಗಾಗಿ. ಹೀರೆಯದೂ ಸಂಜೆಯೇ. ಆದರೆ ಅದರ ನಂಟ ತುಪ್ಪದ ಹೀರೆ ಬೆಳಗ್ಗೆ ಅರಳುತ್ತದೆ. ಬೆಳಗ್ಗೆ ಎದ್ದು ಸೋರೆ ಹೂವಿಗೆ ಪರಾಗ ಹಚ್ಚಿ ಕಾಯಿ ಕಟ್ಟಲಿಲ್ಲ ಎನ್ನುವವರು ಹೊತ್ತನ್ನು ತಪ್ಪಿಸಿರುತ್ತಾರೆ.

ಅದೇ ದಿನ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತುಕೊಳ್ಳಿ. ಎಸಳುಗಳನ್ನು ಹಿಂದಕ್ಕೆ ಮಡಿಸಿ ಅಥವಾ ಕಿತ್ತುಹಾಕಿ. ನಡುವಿನ ಕೇಸರದ ಕಂಬವನ್ನು ಬೆರಳಿನಿಂದ ಮುಟ್ಟಿದರೆ ಹಳದಿ ಪುಡಿ ಅಂಟಬೇಕು. ಅಂಟದಿದ್ದರೆ ಆ ಹೂವು ಹಳೆಯದು, ಬೇರೆ ಹುಡುಕಿ. ಹೆಣ್ಣು ಹೂವಿನ ಎಲ್ಲ ಹಾಲೆಗಳಿಗೂ ಮೆಲ್ಲಗೆ, ಸುತ್ತ ತಿರುಗಿಸುತ್ತ ಸವರಿ. ಉಜ್ಜಬೇಡಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ಮುಗಿದ ಮೇಲೆ ತೊಟ್ಟಿಗೊಂದು ದಾರ ಸಡಿಲವಾಗಿ ಕಟ್ಟಿ ಗುರುತು ಮಾಡಿಕೊಳ್ಳಿ. ಕೆಲವೇ ದಿನದಲ್ಲಿ ಹೀಚು ಹಸಿರಾಗಿಯೇ ಉಳಿದು ಉಬ್ಬತೊಡಗಿದರೆ ಕಾಯಿ ನಿಂತಂತೆ. ಪೊಟ್ಟಣದ ಮೇಲೆ ‘ಪರಾಗಸ್ಪರ್ಶ ಬೇಕಿಲ್ಲ’ ಎಂದು ಬರೆದಿರುವ ಸೌತೆ ತಳಿಗಳಿಗೆ ಇದ್ಯಾವುದೂ ಬೇಡ.

ಟೊಮೆಟೊ, ಬದನೆಯ ಕತೆಯೇ ಬೇರೆ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಆದರೆ ಪರಾಗ ಕೊಳವೆಯಂಥ ಚೀಲದೊಳಗಿದ್ದು ತುದಿಯಲ್ಲಿ ಸಣ್ಣ ದಾರಿ ಮಾತ್ರ ಇರುತ್ತದೆ. ಉಪ್ಪಿನ ಡಬ್ಬಿ ಅಲುಗಿಸಿದ ಹಾಗೆ ಅಲುಗಿಸಿದರೆ ಪುಡಿ ಉದುರುತ್ತದೆ. ಮರ ಕೊರೆಯುವ ಕರಿ ದುಂಬಿಗಳು ಹೂವನ್ನು ತಬ್ಬಿ, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನು ಮಾತ್ರ ನಡುಗಿಸಿ ‘ಜುಂಯ್’ ಎಂದು ಪರಾಗ ಉದುರಿಸಿಕೊಳ್ಳುತ್ತವೆ. ಜೇನುಗೂಡಿನ ಜೇನಿಗೆ ಈ ವಿದ್ಯೆ ಬಾರದು. ದುಂಬಿ ಬರದಿದ್ದರೆ ಒಣ ಹವೆಯ ದಿನ ಹತ್ತು ಗಂಟೆಯ ನಂತರ ಹೂಗೊಂಚಲಿನ ಹಿಂಬದಿಯ ಕಾಂಡವನ್ನು ಬೆರಳಿನಿಂದ ನಾಲ್ಕೈದು ಸಲ ತಟ್ಟಿ, ದಿನ ಬಿಟ್ಟು ದಿನ. ಇಷ್ಟಾದರೂ ಟೊಮೆಟೊ ಹೂವು ತೊಟ್ಟಿನಲ್ಲೇ ಕಳಚಿ ಬೀಳುತ್ತಿದ್ದರೆ ರಾತ್ರಿಯ ತಾಪ ನೋಡಿ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೂ 24 ದಾಟಿದರೂ, ಹಗಲು 35ರ ಆಸುಪಾಸಿಗೆ ಹೋದರೂ ಗಿಡ ಹೂ ಚೆಲ್ಲುತ್ತದೆ. ಅದಕ್ಕೆ ಔಷಧಿ ಇಲ್ಲ. ಮಧ್ಯಾಹ್ನಕ್ಕೆ ನೆರಳು ಪರದೆ ಕಟ್ಟಿ, ಬೇರು ತಂಪಾಗಿಟ್ಟು, ಹವೆ ತಿರುಗುವವರೆಗೆ ಕಾಯಬೇಕು.

ಗಿಡಹೇನು ಬಂದ ಮೇಲಿನ ಎರಡು ವಾರ

ವಸಂತದ ಎಳೆ ಕುಡಿಗೆ ಗಿಡಹೇನು ಬಂದೇ ಬರುತ್ತದೆ. ಈ ಹೇನಿಗೆ ಗಂಡಿನ ಹಂಗಿಲ್ಲ, ಮೊಟ್ಟೆಯೂ ಇಲ್ಲ. ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆ ಮರಿ ಏಳರಿಂದ ಹತ್ತು ದಿನದಲ್ಲಿ ತಾನೇ ಮರಿ ಹಾಕಲು ಶುರು ಮಾಡುತ್ತದೆ. ಹೀಗಾಗಿಯೇ ಸೋಮವಾರ ಇಲ್ಲದ್ದು ಮುಂದಿನ ಸೋಮವಾರ ಕುಡಿ ತುಂಬ ಮೆತ್ತಿರುತ್ತದೆ. ಇದನ್ನು ತಿನ್ನುವ ಗುಲಗಂಜಿ ಹುಳು ಹೇನು ಬಂದ ಮೇಲೆ ಬಂದು ಮೊಟ್ಟೆ ಇಟ್ಟು, ಅದು ಒಡೆದು, ಮರಿ ತಿನ್ನಲು ಶುರುಮಾಡುವ ಹೊತ್ತಿಗೆ ಹತ್ತು ಹದಿನೈದು ದಿನವಾಗಿರುತ್ತದೆ. ಹಾನಿ ಕಣ್ಣಿಗೆ ಕಾಣುತ್ತದೆ, ಸಹಾಯ ಇನ್ನೂ ಕಾಣುವುದಿಲ್ಲ. ಆ ಎರಡು ವಾರದಲ್ಲಿ ಕೀಟನಾಶಕ ಹೊಡೆದರೆ ಹೇನೂ ಸಾಯುತ್ತದೆ, ಅದನ್ನು ತಿನ್ನಲು ಬಂದದ್ದೂ ಸಾಯುತ್ತದೆ. ಉಳಿದ ಹತ್ತು ಹೇನು ವಾರದಲ್ಲಿ ಮತ್ತೆ ನೂರಾಗುತ್ತದೆ, ಗುಲಗಂಜಿ ಹುಳು ಅಷ್ಟು ಬೇಗ ಮರಳುವುದಿಲ್ಲ. ಈ ಎರಡು ವಾರ ತಾಳಿಕೊಳ್ಳುವುದೇ ವಸಂತದ ಕೈತೋಟದಲ್ಲಿ ಕಲಿಯಬೇಕಾದ ದೊಡ್ಡ ಕೆಲಸ.

ಸುಮ್ಮನೆ ಕೂರಬೇಕೆಂದಲ್ಲ. ದಿನ ಬಿಟ್ಟು ದಿನ ಬೆಳಗ್ಗೆ, ಕುಡಿಯನ್ನು ಒಂದು ಕೈಯಲ್ಲಿ ಹಿಡಿದು, ಎಲೆಯ ಅಡಿಗೆ ಪೈಪಿನಿಂದ ರಭಸವಾಗಿ ನೀರು ಬಿಡಿ. ಕೆಳಗೆ ಬಿದ್ದ ಹೇನು ಹೆಚ್ಚಿನಂಶ ಮತ್ತೆ ಹತ್ತುವುದಿಲ್ಲ. ಇರುವೆ ಸಾಲು ಕಾಂಡ ಹತ್ತುತ್ತಿದ್ದರೆ ಅದನ್ನು ಮೊದಲು ತಡೆಯಿರಿ. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಗುಲಗಂಜಿ ಹುಳುವನ್ನು ಓಡಿಸುತ್ತವೆ. ಊರುಗೋಲಿಗೋ ಕುಂಡದ ಅಂಚಿಗೋ ಅಂಟುಪಟ್ಟಿ ಸುತ್ತಿದರೆ ದಾರಿ ಕಡಿಯುತ್ತದೆ.

ಎಲೆಯ ಅಡಿಯಲ್ಲಿ ಹಳದಿ ಬಣ್ಣದ, ನೆಟ್ಟಗೆ ನಿಲ್ಲಿಸಿಟ್ಟ ಅಕ್ಕಿಯ ನುಚ್ಚಿನಂಥ ಮೊಟ್ಟೆಯ ಗುಂಪು ಕಂಡರೆ ಮುಟ್ಟಬೇಡಿ, ಅದು ಗುಲಗಂಜಿ ಹುಳುವಿನದು. ಅದರ ಮರಿ ದೊಡ್ಡದರ ಹಾಗೆ ಇರುವುದಿಲ್ಲ. ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲು, ಪುಟ್ಟ ಮೊಸಳೆಯಂತೆ ಉದ್ದ. ಇದನ್ನೇ ಕೀಟವೆಂದು ಹೊಸಕಿಹಾಕುವವರು ಬಹಳ. ಕೋಶಕ್ಕೆ ಹೋಗುವ ಮುಂಚೆ ಆ ಒಂದು ಮರಿ ನೂರಾರು ಹೇನು ತಿನ್ನುತ್ತದೆ. ಹೇನುಗಳ ನಡುವೆ ಕೆಲವು ಕಂದಾಗಿ, ಉಬ್ಬಿ, ಕಾಗದದಂತೆ ಗಟ್ಟಿಯಾಗಿ ಕೂತಿದ್ದರೆ, ಬೆನ್ನಲ್ಲಿ ದುಂಡಗಿನ ತೂತಿದ್ದರೆ, ಇರುವೆಗಿಂತ ಸಣ್ಣ ಕಣಜ ಒಳಗೆ ಮೊಟ್ಟೆಯಿಟ್ಟು ಕೆಲಸ ಮುಗಿಸಿದೆ ಎಂದರ್ಥ. ಜೇನಿನಂತೆ ಪಟ್ಟೆಯಿದ್ದು ಗಾಳಿಯಲ್ಲಿ ಒಂದೇ ಕಡೆ ನಿಂತು ಹಾರುವ ನೊಣದ ಮರಿಯೂ ಹೇನು ತಿನ್ನುತ್ತದೆ. ಆ ನೊಣಕ್ಕೂ ಕಣಜಕ್ಕೂ ದೊಡ್ಡದಾದ ಮೇಲೆ ಬೇಕಾದದ್ದು ಮಕರಂದ, ಅದು ಸಿಗುವುದು ನೀವು ಕೀಳದೆ ಬಿಟ್ಟ ಕೊತ್ತಂಬರಿ, ಸಬ್ಬಸಿಗೆಯ ಹೂವಿನಲ್ಲಿ.

ಒಂದೇ ಒಂದು ಎಚ್ಚರ: ಬದನೆಯ ಎಲೆ ಬಲೆಯಂತೆ, ಬರೀ ನರ ಉಳಿದಂತೆ ಕೆರೆದುಹೋಗಿದ್ದರೆ, ಅಲ್ಲಿ ಕೂತಿರುವ ಚುಕ್ಕೆಯ ಹುಳು ಗೆಳೆಯನಲ್ಲ. ಗುಲಗಂಜಿ ಹುಳುವಿನ ಕುಲದಲ್ಲೇ ಎಲೆ ತಿನ್ನುವ ಜಾತಿಯೂ ಇದೆ. ಹೇನು ತಿನ್ನುವುದರ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಎಲೆ ತಿನ್ನುವುದರ ಬೆನ್ನು ಮಂಕು, ಸಣ್ಣ ರೋಮವಿರುತ್ತದೆ, ಮರಿ ಹಳದಿಯಾಗಿ ಮೈತುಂಬ ಮುಳ್ಳು. ಇವನ್ನು ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ.

ಎರಡು ವಾರ ಕಳೆದರೂ ಹೇನು ಹೆಚ್ಚುತ್ತಲೇ ಇದ್ದು, ಕುಡಿ ಮುರುಟಿಕೊಳ್ಳುತ್ತಿದ್ದರೆ ಸಿಂಪಡಣೆಗೆ ಹೋಗಬಹುದು. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಸೌಮ್ಯವಾದ ದ್ರವ ಸೋಪು, ಬಟ್ಟೆ ಒಗೆಯುವ ಪುಡಿಯಲ್ಲ. ಅಥವಾ ಲೀಟರಿಗೆ 3ರಿಂದ 5 ಮಿಲಿಲೀಟರ್ ಬೇವಿನೆಣ್ಣೆ, ನೀರಲ್ಲಿ ಬೆರೆಯಲು ಕೆಲವು ಹನಿ ಸೋಪು. ಮೊದಲು ಒಂದು ಎಲೆಗೆ ಹೊಡೆದು ಮಾರನೆಯ ದಿನ ಸುಟ್ಟಿದೆಯೇ ನೋಡಿ. ಹೇನು ಮೆತ್ತಿದ ಕುಡಿಗೆ ಮಾತ್ರ, ಎಲೆಯ ಅಡಿಗೆ ತಾಗುವಂತೆ, ಜೇನು ಗೂಡಿಗೆ ಮರಳಿದ ಮೇಲೆ ಮುಸ್ಸಂಜೆಯಲ್ಲಿ ಹೊಡೆಯಿರಿ. ಅರಳಿದ ಹೂವಿನ ಮೇಲೆ ಬೀಳಬಾರದು. ಗುಲಗಂಜಿ ಮರಿ ಇರುವ ಎಲೆಯನ್ನು ಬಿಟ್ಟುಬಿಡಿ. ಬೆರೆಸಿದ ಬೇವಿನೆಣ್ಣೆಯ ನೀರನ್ನು ಅದೇ ದಿನ ಮುಗಿಸಬೇಕು.

ನೀರು, ಹೊದಿಕೆ

ಚದರ ಮೀಟರಿಗೆ ವಾರಕ್ಕೆ 25 ಲೀಟರ್ ಎನ್ನುವುದು ಮೊದಲ ಅಂದಾಜು. ಅದನ್ನು ಎರಡು ಮೂರು ಸಲವಾಗಿ, ಬೆಳಗ್ಗೆ, ಬುಡಕ್ಕೆ ಕೊಡಿ. ಬಿಸಿಗಾಳಿ ಬೀಸುವಾಗ ಇದರ ಎರಡರಷ್ಟೂ ಬೇಕಾಗಬಹುದು. ಅಂತಿಮ ಮಾತು ಬೆರಳಿನದು: ಐದು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಅಲ್ಲಿಯೂ ಒಣಗಿದ್ದರೆ ನೀರು ಕೊಡಿ. ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಒಂದು ವಾರ ಮರೆತು ಆಮೇಲೆ ಹೊಳೆ ಹರಿಸಿದರೆ ಟೊಮೆಟೊ ಬಿರಿಯುತ್ತದೆ, ಕಾಯಿಯ ಅಡಿಯಲ್ಲಿ ಕಪ್ಪು ಚರ್ಮದಂಥ ಕಲೆ ಬೀಳುತ್ತದೆ. ಆ ಕಲೆಗೆ ಕಾರಣ ಕಾಯಿಗೆ ಸುಣ್ಣದಂಶ ತಲುಪದಿರುವುದು. ಮಣ್ಣಿನಲ್ಲಿ ಸುಣ್ಣ ಸಾಮಾನ್ಯವಾಗಿ ಇರುತ್ತದೆ, ಅದನ್ನು ಹೊತ್ತೊಯ್ಯುವ ನೀರು ಏರುಪೇರಾಗಿರುತ್ತದೆ. ಮೊಟ್ಟೆಯ ಸಿಪ್ಪೆ ಹಾಕುವುದಕ್ಕಿಂತ ನೀರಿನ ಕ್ರಮ ಸರಿಪಡಿಸಿದರೆ ಮುಂದಿನ ಕಾಯಿ ಚೊಕ್ಕಟವಾಗಿ ಬರುತ್ತದೆ.

ಒಣ ಎಲೆ, ಹುಲ್ಲಿನ ಹೊದಿಕೆ ಐದಾರು ಸೆಂಟಿಮೀಟರ್ ದಪ್ಪ ಇರಲಿ, ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ. ಮಣ್ಣು ಬೆಚ್ಚಗಾಗುವ ಮೊದಲೇ ಹೊದಿಸಿದರೆ ಅದು ತಣ್ಣಗೇ ಉಳಿಯುತ್ತದೆ. ತೋಟವಿಡೀ ಹೊದಿಸುವುದೂ ಬೇಡ. ಪ್ರಪಂಚದ 20,000ಕ್ಕೂ ಹೆಚ್ಚು ಜಾತಿಯ ಜೇನುಗಳಲ್ಲಿ ಹೆಚ್ಚಿನವು ಮರದಲ್ಲೋ ಪೆಟ್ಟಿಗೆಯಲ್ಲೋ ಅಲ್ಲ, ನೆಲದೊಳಗೆ ಒಂಟಿಯಾಗಿ ಗೂಡು ಮಾಡುತ್ತವೆ. ಬಿಸಿಲು ಬೀಳುವ, ನೀರು ನಿಲ್ಲದ ಒಂದು ಮೂಲೆಯನ್ನು ಬರಿಯ ಮಣ್ಣಾಗಿಯೇ, ಅಗೆಯದೆ ಬಿಡಿ. ಪೆನ್ಸಿಲ್ ತೂರುವಷ್ಟು ತೂತು, ಸುತ್ತ ಪುಡಿಮಣ್ಣಿನ ಸಣ್ಣ ಗುಡ್ಡೆ ಕಂಡರೆ ಅಲ್ಲಿ ಯಾರೋ ಮನೆ ಮಾಡಿದ್ದಾರೆ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂಥ ಅರ್ಧಚಂದ್ರ ಕಂಡರೂ ಔಷಧಿ ತರಬೇಡಿ, ಎಲೆ ಕತ್ತರಿಸುವ ಜೇನು ತನ್ನ ಮರಿಯ ಕೋಣೆಗೆ ಅಸ್ತರಿ ಒಯ್ದಿರುತ್ತದೆ. ಗಿಡಕ್ಕೆ ಅದರಿಂದ ನಷ್ಟವಿಲ್ಲ.

ಹಕ್ಕಿ, ಕಪ್ಪೆ, ಚಿಟ್ಟೆ

ಹಕ್ಕಿಗಳು ಗೂಡು ಕಟ್ಟುವ ಕಾಲವೂ ಇದೇ. ಕಾಳು ತಿನ್ನುವ ಹಕ್ಕಿಗಳಲ್ಲೂ ಅನೇಕವು ಮರಿಗೆ ಉಣಿಸುವುದು ಕಂಬಳಿಹುಳುವನ್ನು. ಬೇಲಿ, ಪೊದೆ ಕತ್ತರಿಸುವ ಮೊದಲು ಹತ್ತು ನಿಮಿಷ ದೂರ ನಿಂತು ನೋಡಿ. ಒಂದೇ ಹಕ್ಕಿ ಬಾಯಲ್ಲಿ ಏನಾದರೂ ಕಚ್ಚಿಕೊಂಡು ಮತ್ತೆ ಮತ್ತೆ ಒಂದೇ ಕಡೆ ನುಗ್ಗುತ್ತಿದ್ದರೆ ಕತ್ತರಿ ಒಳಗಿಡಿ. ಮರಿ ಹಾರಿಹೋಗುವವರೆಗೆ ಕಾಯುವುದರಿಂದ ಪೊದೆಗೇನೂ ಆಗುವುದಿಲ್ಲ. ವಸಂತದಲ್ಲೇ ಹಳೆಯ ಕೊಂಬೆಯ ಮೇಲೆ ಹೂ ಬಿಡುವ ಪೊದೆಗಳನ್ನಂತೂ ಹೂ ಮುಗಿದ ಮೇಲೆಯೇ ಕತ್ತರಿಸಬೇಕು, ಮುಂಚೆ ಕತ್ತರಿಸಿದರೆ ಆ ವರ್ಷದ ಹೂವೇ ಹೋಯಿತು.

ನೀರಿನ ತಟ್ಟೆ ಅಗಲವಾಗಿ, ಮೂರ್ನಾಲ್ಕು ಸೆಂಟಿಮೀಟರ್ ಆಳವಾಗಿ, ತಳ ಒರಟಾಗಿರಲಿ. ಅಂಚಿನಲ್ಲಿ ನೀರಿನಿಂದ ಮೇಲೆ ಚಾಚುವ ಕಲ್ಲುಗಳನ್ನಿಟ್ಟರೆ ಜೇನು ಕೂತು ಕುಡಿಯುತ್ತದೆ, ಮುಳುಗುವುದಿಲ್ಲ. ಬೆಕ್ಕು ಅಡಗಬಹುದಾದ ಪೊದೆಯಿಂದ ಎರಡು ಮೀಟರ್ ದೂರ ಇಡಿ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತಟ್ಟೆ ಉಜ್ಜಿ, ಹೊಸದು ತುಂಬಿ. ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಬಿಸಿ ಹವೆಯಲ್ಲಿ ಒಂದು ವಾರ ಸಾಕು.

ಬಸವನಹುಳು ಸಸಿ ತಿನ್ನುತ್ತಿದ್ದರೆ ರಾತ್ರಿ ಪಾತಿಯ ಪಕ್ಕ ಒದ್ದೆ ಹಲಗೆ ಮಲಗಿಸಿ. ಬೆಳಗ್ಗೆ ಅದರ ಅಡಿಯಲ್ಲಿ ಸೇರಿರುತ್ತವೆ, ಎತ್ತಿ ಆರಿಸಿಬಿಡಬಹುದು. ವಿಷದ ಗುಳಿಗೆ ಹಾಕಿದರೆ ಅದನ್ನು ತಿಂದ ಹುಳುವನ್ನು ತಿನ್ನುವ ಕಪ್ಪೆಗೂ ಹಕ್ಕಿಗೂ ಅಪಾಯ. ಕಪ್ಪೆ ಹಗಲು ಅಡಗಲು ನೆರಳಿನ ತೇವದ ಜಾಗದಲ್ಲಿ ಒಡೆದ ಕುಂಡವೊಂದನ್ನು ಬೋರಲು ಹಾಕಿ, ಬಾಯಿಯ ಕಡೆ ಕಲ್ಲಿಟ್ಟು ಸಂದು ಬಿಡಿ. ಹಣ್ಣಿಗೆ ಬಲೆ ಕಟ್ಟುವುದಾದರೆ ಬೆರಳು ತೂರದಷ್ಟು ಸಣ್ಣ ಕಣ್ಣಿನದನ್ನು ಬಿಗಿಯಾಗಿ ಎಳೆದು ಕಟ್ಟಿ. ದೊಡ್ಡ ಕಣ್ಣಿನ ಸಡಿಲ ಬಲೆಯಲ್ಲಿ ಹಕ್ಕಿ, ಹಾವು ಸಿಕ್ಕಿ ಸಾಯುತ್ತವೆ.

ಚಿಟ್ಟೆ ಬೇಕೆನ್ನುವವರು ಅದರ ಮರಿಗೂ ಎಲೆ ಬಿಡಬೇಕು. ನಿಂಬೆ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳಿಯಾಗಿ ಕೂತಿರುವುದು ಚಿಟ್ಟೆಯ ಎಳೆ ಮರಿ, ಬೆಳೆದ ಮೇಲೆ ಹಸಿರಾಗುತ್ತದೆ. ಬೆಳೆದ ಗಿಡ ಇಂಥ ಐದಾರು ಮರಿಯನ್ನು ಸಲೀಸಾಗಿ ತಾಳುತ್ತದೆ. ಗಿಡ ಮೊಣಕಾಲೆತ್ತರಕ್ಕಿಂತ ಚಿಕ್ಕದಾಗಿದ್ದರೆ ಮರಿಗಳನ್ನು ಎಲೆಯ ಸಮೇತ ಬೇರೊಂದು ದೊಡ್ಡ ನಿಂಬೆಗೆ ಸಾಗಿಸಿ.

ಜಿನಿಯಾ, ಕಾಸ್ಮೋಸ್‌ನ ಬಾಡಿದ ಹೂವನ್ನು ವಾರಕ್ಕೆರಡು ಸಲ ತೊಟ್ಟಿನ ಕೆಳಗಿನ ಎಲೆ ಜೋಡಿಯವರೆಗೆ ಕತ್ತರಿಸುತ್ತಿರಿ, ಸೌತೆ ಕುಂಬಳದ ಕೊಯ್ಲು ಮುಗಿಯುವವರೆಗೂ ಹೊಸ ಹೂ ಬರುತ್ತದೆ. ಕೊನೆಯ ಸುತ್ತಿನ ಹೂವನ್ನು ಮಾತ್ರ ಕತ್ತರಿಸದೆ ಗಿಡದಲ್ಲೇ ಒಣಗಲು ಬಿಡಿ. ತಲೆ ಪೂರ್ತಿ ಕಂದಾಗಿ, ತೊಟ್ಟು ಹಸಿರು ಬಿಟ್ಟ ಮೇಲೆ ಒಣ ದಿನದ ಮಧ್ಯಾಹ್ನ ಕಿತ್ತು, ಒಂದು ವಾರ ನೆರಳಿನಲ್ಲಿ ಹರಡಿ, ಕಾಗದದ ಲಕೋಟೆಗೆ ತುಂಬಿ ಹೆಸರು, ತಿಂಗಳು ಬರೆದಿಡಿ. ಬರುವ ವಸಂತದಲ್ಲಿ ಮೊದಲು ಮಣ್ಣಿಗೆ ಬೀಳಬೇಕಾದ ಬೀಜ ಅದು.